ಮರಜರಿಯ ಕಾಂಡದ ಮೇಲೆ ಬೆಳೆಯುವ ಜರಿಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಗ್ನೇಯ ಆಸ್ಟ್ರೇಲಿಯಾ, ಟಾಸ್ಮೇನಿಯಾ ಮತ್ತು ನ್ಯೂಜಿಲೆಂಡಿನ ತೇವದ ಕಾಡುಗಳಿಗೆ ಹೋದವರೆಲ್ಲ ಮರಜರಿಗಳನ್ನು ನೋಡಿ ಬೆರಗಾಗುತ್ತಾರೆ, ಕತ್ತೆತ್ತಿ ಅವುಗಳ ಕೊಡೆಯಂಥ ಗರಿಗಳ ಚಿತ್ರ ತೆಗೆದುಕೊಳ್ಳುತ್ತಾರೆ. ಕಣ್ಣಿನ ಮಟ್ಟದಲ್ಲಿಯೇ ಇರುವ ಕಾಂಡವನ್ನು ಮಾತ್ರ ಹೆಚ್ಚಿನವರು ಗಮನಿಸದೆ ದಾಟಿ ಹೋಗುತ್ತಾರೆ. ಆ ಕಾಂಡದ ಮೇಲೆ ಹತ್ತಾರು ಬಗೆಯ ಸಣ್ಣ ಜರಿಗಿಡಗಳು ಮನೆ ಮಾಡಿಕೊಂಡಿರುತ್ತವೆ. ಅವುಗಳ ಬಗ್ಗೆ ಆಸಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಮರಜರಿ ಎಂದರೇನು? ಅದರ ಕಾಂಡವೂ ಉಳಿದ ಮರಗಳ ಕಾಂಡದಂತೆಯೇ ಇರುತ್ತದೆಯೇ?

ಮರದಷ್ಟು ಎತ್ತರಕ್ಕೆ ನೇರವಾದ ಕಾಂಡ ಬೆಳೆಸಿ, ಅದರ ತುದಿಯಲ್ಲಿ ಮಾತ್ರ ಗರಿಗಳನ್ನು ಹರಡುವ ಜರಿಗಿಡಗಳನ್ನು ಮರಜರಿ ಎನ್ನುತ್ತೇವೆ. ಇವುಗಳಲ್ಲಿ ಹೆಚ್ಚಿನವು ಸಯಾಥಿಯೇಸೀ ಕುಟುಂಬಕ್ಕೆ ಸೇರಿದವು. ಈ ಕುಟುಂಬವೊಂದರಲ್ಲೇ 600ಕ್ಕೂ ಹೆಚ್ಚು ಪ್ರಭೇದಗಳಿವೆ. ಇನ್ನೊಂದು ಮುಖ್ಯ ಕುಟುಂಬ ಡಿಕ್ಸೋನಿಯೇಸೀ. ಟಾಸ್ಮೇನಿಯಾದಲ್ಲಿ ಎಲ್ಲೆಲ್ಲೂ ಕಾಣುವ ಡಿಕ್ಸೋನಿಯಾ ಅಂಟಾರ್ಕ್ಟಿಕಾ ಈ ಎರಡನೆಯ ಕುಟುಂಬದ್ದು.

ಹಲಸು, ತೇಗಗಳ ಕಾಂಡದಲ್ಲಿ ಇರುವಂಥ ಕಟ್ಟಿಗೆ ಮರಜರಿಯಲ್ಲಿ ಇಲ್ಲ, ತೊಗಟೆಯೂ ಇಲ್ಲ. ವರ್ಷ ಕಳೆದಂತೆ ಸುತ್ತ ದಪ್ಪವಾಗುವ ಗುಣವೂ ಅದರ ಕಾಂಡಕ್ಕೆ ಇಲ್ಲ. ಹಾಗಿದ್ದರೂ ಬುಡ ದಪ್ಪವಾಗಿ ಕಾಣುವುದಕ್ಕೆ ಕಾರಣ ಬೇರುಗಳು. ನಿಜವಾದ ಕಾಂಡ ಒಳಗೆ ತೆಳ್ಳಗಿದ್ದು, ಅದರಿಂದ ಹೊರಟ ಸಾವಿರಾರು ಸಣ್ಣ ಬೇರುಗಳು ಒಂದರ ಮೇಲೊಂದು ಹೆಣೆದುಕೊಂಡು ಕೆಳಮುಖವಾಗಿ ಇಳಿದು ಕಾಂಡವನ್ನು ಸುತ್ತಿಕೊಳ್ಳುತ್ತವೆ. ಬೇರುಗಳ ಈ ದಟ್ಟ ಹೊದಿಕೆಯೇ ಮರಜರಿಯನ್ನು ಎತ್ತಿ ನಿಲ್ಲಿಸುತ್ತದೆ. ಮುಟ್ಟಿ ನೋಡಿದರೆ ನೆನೆದ ತೆಂಗಿನ ನಾರನ್ನು ಗಟ್ಟಿಯಾಗಿ ಒತ್ತಿ ಕಟ್ಟಿದಂತೆ ಇರುತ್ತದೆ. ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುತ್ತದೆ, ಮಳೆಗಾಲದಲ್ಲಾದರೆ ಬೆರಳು ಒದ್ದೆಯಾಗುತ್ತದೆ. ಮುಂದೆ ಬರುವ ಬಹುತೇಕ ಉತ್ತರಗಳಿಗೆ ಈ ಹೊದಿಕೆಯೇ ಆಧಾರ.

ಕಾಂಡದ ಮೇಲೆ ಬೆಳೆಯುವ ಜರಿಗಳು ಮರಜರಿಯ ಸಾರವನ್ನು ಹೀರುತ್ತವೆಯೇ?

ಇಲ್ಲ. ಅವು ಅಪ್ಪುಗಿಡಗಳು, ಅಂದರೆ ಎಪಿಫೈಟ್‌ಗಳು. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ನೀರನ್ನೂ ಲವಣಗಳನ್ನೂ ಕಸಿಯುತ್ತದೆ. ಅದೇ ಮಾವಿನ ಮೇಲೆ ಮಳೆಗಾಲದ ಆರಂಭದಲ್ಲಿ ಹೂ ಬಿಡುವ ಸೀತಾಳೆ ದಂಡೆ ಹಾಗಲ್ಲ, ಅದಕ್ಕೆ ಬೇಕಾದುದು ನಿಲ್ಲಲು ಒಂದು ಜಾಗ ಮಾತ್ರ. ಮರಜರಿಯ ಮೇಲಿನ ಜರಿಗಳು ಸೀತಾಳೆಯ ಸಾಲಿಗೆ ಸೇರಿದವು. ಮಳೆ, ಮಂಜು, ಕೊಳೆತ ಗರಿಗಳ ಪುಡಿ ಇವುಗಳಿಂದಲೇ ಅವು ಬದುಕುತ್ತವೆ.

ಪಕ್ಕದಲ್ಲೇ ದೊಡ್ಡ ಮರಗಳಿರುವಾಗ ಇವು ಮರಜರಿಯನ್ನೇ ಏಕೆ ಆರಿಸಿಕೊಳ್ಳುತ್ತವೆ?

ಗಿಡ ಆರಿಸಿಕೊಳ್ಳುವುದಿಲ್ಲ, ಗಾಳಿಯಲ್ಲಿ ತೇಲಿ ಬರುವ ಧೂಳಿನಷ್ಟು ಸಣ್ಣ ಬೀಜಾಣು ಎಲ್ಲ ಕಡೆಯೂ ಬೀಳುತ್ತದೆ. ಎಲ್ಲಿ ಬಿದ್ದುದು ಬದುಕುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಜರಿಗಿಡದ ಬದುಕಿನಲ್ಲಿ ಅತ್ಯಂತ ನಾಜೂಕಾದ ಹಂತ ಅದರ ಮೊದಲ ಹಂತ. ಬೀಜಾಣು ಮೊಳೆತು ಉಗುರಿಗಿಂತ ಚಿಕ್ಕದಾದ, ಬೇರಿಲ್ಲದ ಒಂದು ಹಸಿರು ತುಣುಕು ಆಗುತ್ತದೆ. ಅದರ ಮೇಲೆ ನೀರಿನ ತೆಳುಪದರವಿದ್ದರೆ ಮಾತ್ರ ಗಂಡು ಕಣಗಳು ಈಜಿ ಹೋಗಿ ಹೆಣ್ಣು ಕಣವನ್ನು ಸೇರುತ್ತವೆ. ವಾರಗಟ್ಟಲೆ ತೇವ ಆರದ ನೆಲೆ ಅದಕ್ಕೆ ಬೇಕು.

ಆಗ್ನೇಯ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾದ ಕಾಡುಗಳ ಮೇಲ್ಛಾವಣಿಯಾಗಿ ನಿಂತ ನೀಲಗಿರಿ ಜಾತಿಯ ಮರಗಳು, ಅಂದರೆ ಯೂಕಲಿಪ್ಟಸ್‌ಗಳು, ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಕಳಚಿ ಹಾಕುತ್ತವೆ. ಹತ್ತಿದ ಸಸಿ ತೊಗಟೆಯೊಂದಿಗೇ ನೆಲಕ್ಕೆ ಬೀಳುತ್ತದೆ, ಉಳಿದ ಮೈ ನುಣುಪಾಗಿದ್ದು ಬೇಗ ಒಣಗುತ್ತದೆ. ಮರಜರಿಯ ಬೇರಿನ ಹೊದಿಕೆ ಕಳಚುವುದಿಲ್ಲ, ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಸಂದುಗಳಲ್ಲಿ ಬೀಜಾಣು ಸಿಕ್ಕಿಕೊಳ್ಳುತ್ತದೆ; ಜೊತೆಗೆ ತನ್ನದೇ ಗರಿಗಳ ನೆರಳು. ಹೀಗೆ ಒಂದು ಜರಿಗಿಡವೇ ಬೇರೆ ಜರಿಗಿಡಗಳಿಗೆ ತೊಟ್ಟಿಲಾಗುತ್ತದೆ. ಈ ವಿಷಯದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಇದೇ ಸಂಗತಿ.

ಯಾವ ಯಾವ ಜರಿಗಳನ್ನು ಅಲ್ಲಿ ನೋಡಬಹುದು?

ಸುಲಭವಾಗಿ ಕಾಣುವವುಗಳಿಂದ ಆರಂಭಿಸುವುದು ಒಳ್ಳೆಯದು. ಚಿನ್ನದ ಕಂದು ಬಣ್ಣದ ಹುರುಪೆಗಳಿಂದ ಮುಚ್ಚಿದ ದಪ್ಪ ಪ್ರಕಂದ, ಅಂದರೆ ಜರಿಯ ತೆವಳುವ ಕಾಂಡ, ಮರಜರಿಯ ಕಾಂಡದ ಉದ್ದಕ್ಕೂ ಹರಿದು, ಅದರಿಂದ ಗಟ್ಟಿಯಾದ ಹೊಳಪಿನ ತ್ರಿಕೋನಾಕಾರದ ಗರಿಗಳು ಚಾಚಿಕೊಂಡಿದ್ದರೆ ಅದು ರುಮೋಹ್ರಾ ಅಡಿಯಾಂಟಿಫಾರ್ಮಿಸ್ ಆಗಿರಬಹುದು. ಹೂಗುಚ್ಛಗಳಲ್ಲಿ ಹೂವಿನ ಹಿಂದೆ ಇಡುವ ‘ಲೆದರ್ ಲೀಫ್’ ಎಂದು ವ್ಯಾಪಾರದಲ್ಲಿ ಹೆಸರಾದ ಸೊಪ್ಪು ಇದೇ; ಅದರ ಮೂಲ ನೆಲೆಗಳಲ್ಲೊಂದು ಮರಜರಿಯ ಕಾಂಡ ಎಂಬುದನ್ನು ತಿಳಿದವರು ಕಡಿಮೆ. ಅಗಲ ಬೆರಳುಗಳಂತೆ ಸೀಳಿದ ದಪ್ಪ ಹಸಿರು ಎಲೆಯ ಮೈಕ್ರೋಸೋರಮ್ ಪುಸ್ಟುಲೇಟಮ್ ಇನ್ನೊಂದು. ಅದಕ್ಕೆ ಅಲ್ಲಿ ‘ಕಾಂಗರೂ ಜರಿ’ ಎಂದು ಹೆಸರು. ಕಾಂಡದಿಂದ ಜಡೆಯಂತೆ ಕೆಳಕ್ಕೆ ಜೋತು ಬೀಳುವುದು ಆಸ್ಪ್ಲೀನಿಯಮ್ ಫ್ಲಾಕ್ಸಿಡಮ್.

ಸಣ್ಣವುಗಳಲ್ಲಿ ನೋಟೋಗ್ರಾಮಿಟಿಸ್ ಬಿಲಾರ್ಡಿಯೆರೈ ಮುಖ್ಯವಾದುದು. ಅದು ಸೀಳಿಲ್ಲದ, ನಾಲಗೆಯಾಕಾರದ ಪುಟ್ಟ ಎಲೆಗಳ ಗೊಂಚಲು. ಎಲೆಯ ಬೆನ್ನಿನಲ್ಲಿ ನಡುನರದ ಎರಡೂ ಬದಿಗೆ ಓರೆಯಾದ ಕಂದು ಗೆರೆಗಳಂತೆ ಬೀಜಾಣು ಗುಂಪುಗಳು ಇರುತ್ತವೆ. 1792 ಮತ್ತು 1793ರಲ್ಲಿ ಫ್ರೆಂಚ್ ನೌಕಾಯಾತ್ರೆಯೊಂದರ ಜೊತೆ ಟಾಸ್ಮೇನಿಯಾದ ರಿಶರ್ಶ್ ಕೊಲ್ಲಿಯಲ್ಲಿ ತಂಗಿ ಸಸ್ಯಗಳನ್ನು ಸಂಗ್ರಹಿಸಿದ ಲಾಬಿಲಾರ್ಡಿಯೇರ್ ಅವರ ಹೆಸರು ಇದಕ್ಕೆ ಬಂದಿದೆ. ಡಿಕ್ಸೋನಿಯಾ ಅಂಟಾರ್ಕ್ಟಿಕಾಕ್ಕೆ ವೈಜ್ಞಾನಿಕ ಹೆಸರು ಕೊಟ್ಟವರೂ ಅವರೇ.

ಇವೆಲ್ಲವನ್ನೂ ಬಿಟ್ಟು, ಮರಜರಿಯ ಕಾಂಡದ ಮೇಲೆ ವಿಶೇಷವಾಗಿ ಗಮನಿಸಬೇಕಾದ ಎರಡು ಬಗೆಗಳಿವೆ: ಪೊರೆಯಂಥ ಎಲೆಯ ಫಿಲ್ಮಿ ಜರಿಗಳು ಮತ್ತು ಟ್ಮೆಸಿಪ್ಟೆರಿಸ್. ಇವುಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕಾಗಿದೆ.

ಫಿಲ್ಮಿ ಜರಿ ಎಂದರೇನು? ಅದನ್ನು ಹಾವಸೆಯಿಂದ ಬೇರೆಯಾಗಿ ಗುರುತಿಸುವುದು ಹೇಗೆ?

ಹೈಮೆನೋಫಿಲೇಸೀ ಕುಟುಂಬದ ಜರಿಗಳಿಗೆ ಈ ಹೆಸರು. ನರಗಳನ್ನು ಬಿಟ್ಟರೆ ಇವುಗಳಲ್ಲಿ ಬಹುತೇಕದರ ಎಲೆ ಒಂದೇ ಜೀವಕೋಶದಷ್ಟು ದಪ್ಪ. ಪತ್ರರಂಧ್ರಗಳಿಲ್ಲ, ನೀರು ಆರದಂತೆ ತಡೆಯುವ ಮೇಣದ ಪೊರೆಯೂ ಇಲ್ಲವೆನ್ನುವಷ್ಟು ತೆಳು. ಎಲೆಯೇ ನೇರವಾಗಿ ನೀರನ್ನು ಕುಡಿಯುತ್ತದೆ, ನೇರವಾಗಿಯೇ ಕಳೆದುಕೊಳ್ಳುತ್ತದೆ.

ಮೊದಲ ಸಲ ಇದನ್ನು ನೋಡಿದಾಗ ನಾನೂ ಹಾವಸೆ ಎಂದೇ ತಿಳಿದು ಮುಂದೆ ನಡೆದಿದ್ದೆ. ಟಾಸ್ಮೇನಿಯಾದ ಮೌಂಟ್ ಫೀಲ್ಡ್ ರಾಷ್ಟ್ರೀಯ ಉದ್ಯಾನದಲ್ಲಿ ರಸೆಲ್ ಜಲಪಾತಕ್ಕೆ ಹೋಗುವ ದಾರಿಯದು. ಮರಳಿ ಬರುವಾಗ ಮೋಡ ಸರಿದು ಬೆಳಕು ಕಾಂಡದ ಹಿಂದಿನಿಂದ ಬಿತ್ತು. ಹಾವಸೆ ಎಂದುಕೊಂಡಿದ್ದ ತೇಪೆ ಬೆಳಕನ್ನು ತಡೆಯದೆ ಒಳಗೆ ಬಿಟ್ಟುಕೊಂಡು, ಹಸಿರು ಗಾಜಿನ ಚೂರುಗಳಂತೆ ಹೊಳೆಯತೊಡಗಿತು. ಒಂದೊಂದು ಚೂರಿನಲ್ಲೂ ಕಪ್ಪು ದಾರದಂಥ ನರ ಕವಲೊಡೆದು ಹೋಗಿರುವುದು ಸ್ಪಷ್ಟವಾಗಿ ಕಂಡಿತು. ಕವಲೊಡೆದ ನರವಿದ್ದರೆ ಅದು ಜರಿ. ಹಾವಸೆಯ ಎಲೆಯಲ್ಲಿ ಇರುವುದು ಹೆಚ್ಚೆಂದರೆ ಕವಲಿಲ್ಲದ ಒಂದು ಗೆರೆ.

ಫಿಲ್ಮಿ ಜರಿಗಳೊಳಗೆ ಮತ್ತೆ ಬೇರ್ಪಡಿಸಬೇಕಾದರೆ ಬೀಜಾಣುಗಳನ್ನು ಮುಚ್ಚಿರುವ ಕವಚವನ್ನು ನೋಡಬೇಕು. ಅದು ಎಲೆಯ ತುದಿಯಲ್ಲಿ ಎರಡು ತುಟಿಗಳಂತೆ ತೆರೆದಿದ್ದರೆ ಹೈಮೆನೋಫಿಲಮ್. ಕಹಳೆಯಾಕಾರದಲ್ಲಿದ್ದು ಒಳಗಿನಿಂದ ಕೂದಲಿನಂಥ ಕಡ್ಡಿ ಹೊರಚಾಚಿದ್ದರೆ ಟ್ರೈಕೋಮೇನಿಸ್ ಬಳಗ. ಮರಜರಿಯ ಕಾಂಡವನ್ನು ಬಿಟ್ಟು ಬೇರೆಡೆ ಅಪರೂಪವಾಗಿರುವ ಪಾಲಿಫ್ಲೀಬಿಯಮ್ ವೀನೋಸಮ್ ಈ ಎರಡನೆಯ ಬಳಗದ್ದು. ಹೈಮೆನೋಫಿಲಮ್‌ನಲ್ಲಿ ಎಲೆಯಂಚಿಗೆ ಹಲ್ಲುಗಳಿದ್ದರೆ ಕುಪ್ರೆಸಿಫಾರ್ಮೆ ಅಥವಾ ಅದರ ಹತ್ತಿರದ ಪ್ರಭೇದ. ಅಂಚು ನಯವಾಗಿದ್ದರೆ ರೇರಮ್, ಫ್ಲಾಬೆಲೇಟಮ್, ಆಸ್ಟ್ರೇಲೆ ಇವುಗಳ ಪೈಕಿ ಒಂದು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಇಷ್ಟು ತೆಳುವಾದ ಎಲೆ ಬೇಸಿಗೆಯಲ್ಲಿ ಸತ್ತು ಹೋಗುವುದಿಲ್ಲವೇ?

ಹಲವು ಪ್ರಭೇದಗಳು ಸಾಯುವುದಿಲ್ಲ. ಒಣಹವೆ ಬಂದಾಗ ಅವು ಮುದುಡಿ, ಕಂದಾಗಿ, ಮುಟ್ಟಿದರೆ ಪುಡಿಯಾಗುವಂತೆ ಕಾಣುತ್ತವೆ. ಮಳೆ ಬಂದ ಮೇಲೆ ಅದೇ ಎಲೆ ಮತ್ತೆ ಅರಳಿ ಹಸಿರಾಗುತ್ತದೆ. ಆದರೆ ಈ ಸಹನೆಗೆ ಮಿತಿ ಇದೆ, ಪ್ರಭೇದದಿಂದ ಪ್ರಭೇದಕ್ಕೆ ಅದು ಬೇರೆ ಬೇರೆ. ಮೇಲಿನ ಛಾವಣಿ ತೆರೆದು ನೇರ ಬಿಸಿಲು ಬಿದ್ದರೆ ನಾಜೂಕಾದವು ಮೊದಲು ಮಾಯವಾಗುತ್ತವೆ.

ಟ್ಮೆಸಿಪ್ಟೆರಿಸ್ ಬಗ್ಗೆ ಇಷ್ಟೊಂದು ಕುತೂಹಲ ಏಕೆ?

ಕರ್ನಾಟಕದ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಸೈಲೋಟಮ್ ನೆನಪಿರುತ್ತದೆ: ಬೇರಿಲ್ಲದ, ಎಲೆಯೂ ಇಲ್ಲವೆನ್ನುವಂಥ, ಕವಲುಕವಲಾಗಿ ಒಡೆಯುವ ಹಸಿರು ಕಡ್ಡಿ. ಸೈಲೋಟೇಸೀ ಕುಟುಂಬದಲ್ಲಿ ಇಂದು ಉಳಿದಿರುವುದು ಎರಡೇ ಕುಲಗಳು; ಒಂದು ಸೈಲೋಟಮ್, ಇನ್ನೊಂದು ಟ್ಮೆಸಿಪ್ಟೆರಿಸ್. ಇವು ನಲವತ್ತು ಕೋಟಿ ವರ್ಷ ಹಿಂದಿನ ಮೊದಲ ನೆಲಸಸ್ಯಗಳ ನೇರ ಪಳೆಯುಳಿಕೆಗಳಿರಬೇಕು ಎಂದು ಹಳೆಯ ಪಠ್ಯಗಳು ಕಲಿಸುತ್ತಿದ್ದವು. ಡಿಎನ್‌ಎ ಅಧ್ಯಯನಗಳು ಆ ಎಣಿಕೆಯನ್ನು ಬದಲಿಸಿವೆ. ಇವು ಜರಿಗಿಡಗಳ ವಂಶಕ್ಕೇ ಸೇರಿದವು, ಓಫಿಯೋಗ್ಲಾಸಮ್ ಎಂಬ ಜರಿಗಳ ಗುಂಪಿಗೆ ಹತ್ತಿರದ ನೆಂಟರು, ಬೇರು ಮೊದಲಾದುವನ್ನು ಕಾಲಕ್ರಮದಲ್ಲಿ ಕಳೆದುಕೊಂಡವು ಎಂಬುದು ಈಗಿನ ತಿಳಿವಳಿಕೆ.

ಟ್ಮೆಸಿಪ್ಟೆರಿಸ್ ಮರಜರಿಯ ಕಾಂಡದಿಂದ ಒಂದು ಗೇಣು, ಕೆಲವೊಮ್ಮೆ ಅದಕ್ಕಿಂತ ಉದ್ದವಾಗಿ ಜೋತು ಬೀಳುತ್ತದೆ. ಚಪ್ಪಟೆ ಎಲೆಗಳ ನಡುವೆ ಅಲ್ಲಲ್ಲಿ ಕವಲೊಡೆದ ಎಲೆ, ಆ ಕವಲಿನ ಬುಡದಲ್ಲಿ ಎರಡು ಉಬ್ಬುಗಳು ಒಂದಕ್ಕೊಂದು ಅಂಟಿದಂತೆ ಇರುವ ಬೀಜಾಣು ಚೀಲ. ಸೈಲೋಟಮ್‌ನಲ್ಲಿ ಈ ಉಬ್ಬುಗಳು ಮೂರು. ಆದರೆ ನಮ್ಮ ಕಣ್ಣಿಗೆ ಬೀಳುವುದು ಈ ಗಿಡದ ಅರ್ಧ ಬದುಕು ಮಾತ್ರ. ಬೀಜಾಣುವಿನಿಂದ ಹುಟ್ಟುವ ಮೊದಲ ಹಂತದ ಗಿಡಕ್ಕೆ ಹಸಿರೇ ಇರುವುದಿಲ್ಲ. ಮರಜರಿಯ ಬೇರಿನ ಹೊದಿಕೆಯ ಒಳಗೆ, ಕತ್ತಲಲ್ಲಿ, ಒಂದು ಶಿಲೀಂಧ್ರದ ನೆರವಿನಿಂದ ಅದು ಆಹಾರ ಪಡೆಯುತ್ತದೆ. ತೇವವಿರುವ, ಕದಲದ, ವರ್ಷಗಟ್ಟಲೆ ಹಾಗೆಯೇ ಉಳಿಯುವ ಇಂಥ ಕತ್ತಲೆ ನೆಲದಿಂದ ಮೇಲೆ ಬೇರೆಲ್ಲಿ ಸಿಗಬೇಕು?

2024ರಲ್ಲಿ ಈ ಕುಲ ಸುದ್ದಿಯಾಯಿತು. ನ್ಯೂ ಕ್ಯಾಲೆಡೋನಿಯಾ ದ್ವೀಪದ ಟ್ಮೆಸಿಪ್ಟೆರಿಸ್ ಒಬ್ಲಾನ್ಸಿಯೋಲೇಟಾದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, 16,045 ಕೋಟಿ ಬೇಸ್ ಜೋಡಿಗಳಷ್ಟು ದೊಡ್ಡದು ಎಂದು ವಿಜ್ಞಾನಿಗಳು ಅಳೆದು ಪ್ರಕಟಿಸಿದರು. ಅದು ಮನುಷ್ಯನ ಜೀನೋಮಿನ ಸುಮಾರು 50 ಪಟ್ಟು. ಅಲ್ಲಿಯವರೆಗೆ ಅಳೆದ ಯಾವ ಜೀವಿಯಲ್ಲೂ ಇಷ್ಟು ದೊಡ್ಡ ಜೀನೋಮ್ ಕಂಡಿರಲಿಲ್ಲ. ಅದಕ್ಕೆ ಹಿಂದಿನ ದಾಖಲೆ ಜಪಾನಿನ ಪ್ಯಾರಿಸ್ ಜಪೋನಿಕಾ ಎಂಬ ಹೂಗಿಡದ ಹೆಸರಿನಲ್ಲಿತ್ತು.

ಎಲ್ಲ ಮರಜರಿಗಳೂ ಒಂದೇ ರೀತಿ ನೆಲೆ ಕೊಡುತ್ತವೆಯೇ?

ಇಲ್ಲ, ವ್ಯತ್ಯಾಸ ದೊಡ್ಡದು. ಡಿಕ್ಸೋನಿಯಾ ಅಂಟಾರ್ಕ್ಟಿಕಾದ ಹೊದಿಕೆ ದಪ್ಪ ಮತ್ತು ಮೃದು. ಅದು ಎಲ್ಲರಿಗಿಂತ ಉದಾರಿ. ಅದೇ ಕಣಿವೆಯಲ್ಲಿ ಬೆಳೆಯುವ ಸಯಾಥಿಯಾ ಕನ್ನಿಂಗ್‌ಹ್ಯಾಮೈಯ ಕಾಂಡ ಸಪೂರ ಮತ್ತು ಗಟ್ಟಿ, ಆದ್ದರಿಂದ ಅದರ ಮೇಲಿನ ಸಮುದಾಯವೂ ಬೇರೆಯೇ ಆಗಿರುತ್ತದೆ.

ನ್ಯೂಜಿಲೆಂಡಿನ ಕೆಲವು ಮರಜರಿಗಳದು ಇನ್ನೊಂದು ದಾರಿ. ಡಿಕ್ಸೋನಿಯಾ ಫೈಬ್ರೋಸಾ ತನ್ನ ಒಣಗಿದ ಗರಿಗಳನ್ನು ಉದುರಿಸದೆ ಲಂಗದಂತೆ ಕಾಂಡದ ಸುತ್ತ ಇಳಿಬಿಟ್ಟುಕೊಳ್ಳುತ್ತದೆ. ಸಯಾಥಿಯಾ ಸ್ಮಿಥೈ ಒಣ ಗರಿಗಳ ದಂಟುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಬಳ್ಳಿಗಳೂ ದೊಡ್ಡ ಅಪ್ಪುಗಿಡಗಳೂ ಹತ್ತಿ ಬಂದು ತುದಿಯ ಮೊಗ್ಗನ್ನು ಮುಚ್ಚದಂತೆ ಈ ಲಂಗ ತಡೆಯುತ್ತದೆ ಎಂದು ಜರಿತಜ್ಞರಾದ ಕ್ರಿಸ್ಟಫರ್ ಪೇಜ್ ಮತ್ತು ಪ್ಯಾಟ್ರಿಕ್ ಬ್ರೌನ್ಸಿ 1986ರಲ್ಲಿ ವಾದಿಸಿದರು. ಮರಜರಿಗೆ ಇರುವುದು ಒಂದೇ ಬೆಳವಣಿಗೆಯ ತುದಿ, ಅದು ಹೋದರೆ ಸಾಮಾನ್ಯವಾಗಿ ಗಿಡವೇ ಹೋದಂತೆ ಎಂಬುದನ್ನು ನೆನೆದರೆ ಈ ವಾದ ನನಗೆ ಒಪ್ಪಿಗೆಯಾಗುತ್ತದೆ. 20 ಮೀಟರ್‌ವರೆಗೆ ಬೆಳೆಯುವ ಮಾಮಾಕು ಎಂಬ ಮರಜರಿ ಮಾತ್ರ ಗರಿಗಳನ್ನು ಕಳಚಿ, ಕಾಂಡದ ಮೇಲೆ ಗುರುತುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ.

ಕಾಂಡದ ಬುಡದಲ್ಲೂ ಮೇಲೂ ಒಂದೇ ಜಾತಿಯ ಜರಿಗಳು ಇರುತ್ತವೆಯೇ?

ಮರಜರಿ ಬೆಳೆಯುವುದು ತುದಿಯಿಂದ ಮಾತ್ರ. ಆದ್ದರಿಂದ ಕಾಂಡದ ಬುಡವೇ ಹಳೆಯದು, ಮೇಲೆ ಹೋದಂತೆ ಹೊಸದು; ಎತ್ತರವನ್ನು ಕಾಲದ ಅಳತೆಯಾಗಿಯೂ ಓದಬಹುದು. ಡಿಕ್ಸೋನಿಯಾ ಅಂಟಾರ್ಕ್ಟಿಕಾ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಏರುತ್ತದೆ. ವರ್ಷಕ್ಕೆ ಐದು ಸೆಂಟಿಮೀಟರ್ ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ ಮೂರು ಮೀಟರ್ ಕಾಂಡಕ್ಕೆ 60 ವರ್ಷ ಬೇಕು. ಬುಡದಲ್ಲಿ ಹೊದಿಕೆ ದಪ್ಪ, ತೇವ ಹೆಚ್ಚು, ಬೀಜಾಣುಗಳಿಗೆ ಸಿಕ್ಕ ಸಮಯವೂ ಹೆಚ್ಚು. ತೇವವನ್ನು ಬಿಟ್ಟಿರಲಾರದ ಫಿಲ್ಮಿ ಜರಿಗಳು ಸಾಮಾನ್ಯವಾಗಿ ಅಲ್ಲಿ ದಟ್ಟವಾಗಿರುತ್ತವೆ. ಗರಿಗಳ ಕೆಳಗಿನ ಹೊಸ ಭಾಗ ಹೆಚ್ಚು ಕಡಿಮೆ ಬರಿದಾಗಿರುತ್ತದೆ. ಕಾಂಡದ ಯಾವ ಬದಿಗೆ ಮಳೆಯ ಎರಚಲು ಬೀಳುತ್ತದೆ, ಕಾಂಡ ಎತ್ತ ವಾಲಿದೆ ಎಂಬುದರಿಂದಲೂ ವ್ಯತ್ಯಾಸ ಬರುತ್ತದೆ.

ಜರಿಗಳನ್ನು ಬಿಟ್ಟು ಬೇರೆ ಗಿಡಗಳು ಅಲ್ಲಿ ಮೊಳೆಯುವುದುಂಟೇ?

ಉಂಟು, ದೊಡ್ಡ ಮರಗಳೂ ಮೊಳೆಯುತ್ತವೆ. ನ್ಯೂಜಿಲೆಂಡಿನ ಕಾಮಾಹಿ ಮರ ಹಲವೆಡೆ ಮರಜರಿಯ ಕಾಂಡದ ಮೇಲೆ ಸಸಿಯಾಗಿ ಆರಂಭವಾಗಿ, ನಮ್ಮ ಅರಳಿ ಗೋಡೆಯಿಂದ ಬೇರು ಇಳಿಸುವಂತೆ ನೆಲಕ್ಕೆ ಬೇರಿಳಿಸುತ್ತದೆ. ಟಾಸ್ಮೇನಿಯಾದಲ್ಲಿ ಸಾಸಾಫ್ರಾಸ್ ಎಂದು ಕರೆಯುವ ಅಥೆರೋಸ್ಪರ್ಮಾ ಮೊಸ್ಕಾಟಮ್ ಸಸಿಗಳನ್ನೂ ಹೀಗೆ ಕಾಣಬಹುದು. ನೆಲದಲ್ಲಾದರೆ ಉದುರುವ ದೊಡ್ಡ ಗರಿಗಳು ಸಸಿಯನ್ನು ಮುಚ್ಚಿ ಕೊಲ್ಲುತ್ತವೆ, ಮೇಯುವ ಪ್ರಾಣಿಗಳ ಬಾಯಿಗೂ ಅದು ಸಿಗುತ್ತದೆ. ಕಾಂಡದ ಮೇಲೆ ಈ ಎರಡೂ ಭಯ ಕಡಿಮೆ.

ಕಾಡ್ಗಿಚ್ಚಿನ ನಂತರ ಮರಜರಿ ಚಿಗುರುತ್ತದೆ. ಅದರ ಮೇಲಿನ ಜರಿಗಳೂ ಮರಳುತ್ತವೆಯೇ?

ಈ ಪ್ರಶ್ನೆಗೆ ಉತ್ತರಿಸುವಾಗ ಜಾಗರೂಕತೆ ಬೇಕು, ಏಕೆಂದರೆ ಸುಟ್ಟ ಕಾಡಿನಲ್ಲಿ ಮೊದಲು ಚಿಗುರುವ ಮರಜರಿಯ ಚಿತ್ರ ನೋಡಿ ಕಾಡೇ ಮರಳಿತೆಂದು ನಂಬುವುದು ಸುಲಭ. ಡಿಕ್ಸೋನಿಯಾದ ತುದಿಮೊಗ್ಗು ಗರಿಬುಡಗಳ ಒಳಗೆ ಹುದುಗಿರುವುದರಿಂದ ಬೆಂಕಿ ದಾಟಿ ಹೋದ ಮೇಲೆ ಹೊಸ ಸುರುಳಿಗಳನ್ನು ಬಿಚ್ಚುತ್ತದೆ. ಕಾಂಡದ ಹೊರಮೈ ಮಾತ್ರ ಕರಿಕಲಾಗಿರುತ್ತದೆ, ಅಲ್ಲಿದ್ದ ಫಿಲ್ಮಿ ಜರಿಗಳು ಸುಟ್ಟು ಹೋಗಿರುತ್ತವೆ. ಅವು ಮರಳಬೇಕಾದರೆ ಹತ್ತಿರದಲ್ಲಿ ಸುಡದ ಕಾಡು ಉಳಿದಿರಬೇಕು, ಅಲ್ಲಿಂದ ಬೀಜಾಣು ಬರಬೇಕು, ನೆರಳಿನ ಛಾವಣಿ ಮತ್ತೆ ಕೂಡಬೇಕು. ಇದಕ್ಕೆ ದಶಕಗಳು ಹಿಡಿಯುತ್ತವೆ. ಆಸ್ಟ್ರೇಲಿಯಾದ 2019–20ರ ಬೇಸಿಗೆಯ ಬೆಂಕಿ ಸಾಮಾನ್ಯವಾಗಿ ಸುಡದ ಮಳೆಕಾಡಿನ ತುಣುಕುಗಳನ್ನೂ ಪೂರ್ವ ವಿಕ್ಟೋರಿಯಾದಲ್ಲಿ ಹೊಕ್ಕಿತ್ತು. ಇಡೀ ಪ್ರದೇಶವನ್ನು ಬೋಳು ಮಾಡಿ, ಉಳಿಕೆಯನ್ನು ಸುಟ್ಟು, ಹೊಸ ಬಿತ್ತನೆ ಮಾಡುವ ಮರಕಡಿತದ ಪದ್ಧತಿ ಇನ್ನೂ ಕಠಿಣ, ಏಕೆಂದರೆ ಅದರಲ್ಲಿ ಯಂತ್ರಗಳು ಮರಜರಿಗಳನ್ನೇ ಉರುಳಿಸುತ್ತವೆ. ಹಳೆಯ ಕಾಂಡವೊಂದನ್ನು ಕಳೆದುಕೊಂಡ ಮೇಲೆ ಅದರ ಜಾಗಕ್ಕೆ ನರ್ಸರಿಯ ಸಸಿ ತಂದು ನೆಟ್ಟರೆ ಬರುವುದು ಮರಜರಿ ಮಾತ್ರ, ಆ 60 ವರ್ಷಗಳಲ್ಲ.

ಗಾಳಿಗೆ ಉರುಳಿದ ಕಾಂಡದ ವಿಷಯ ಬೇರೆ. ಅದು ಮಲಗಿದಲ್ಲಿಯೇ ಬೇರೂರಿ ತುದಿಯನ್ನು ಮತ್ತೆ ಮೇಲಕ್ಕೆ ತಿರುಗಿಸಿ ಬೆಳೆಯಬಲ್ಲದು. ಆದ್ದರಿಂದ ಬಿದ್ದ ಮರಜರಿಯನ್ನು ಸತ್ತಿದೆ ಎಂದು ತೆಗೆಯಬಾರದು.

ನಮ್ಮ ಪಶ್ಚಿಮ ಘಟ್ಟದ ಮರಜರಿಗಳ ಮೇಲೂ ಇಷ್ಟೇ ವೈವಿಧ್ಯವಿದೆಯೇ?

ಮಲೆನಾಡು, ಕೊಡಗುಗಳ ಹಳ್ಳದ ಬದಿಗಳಲ್ಲಿ ಸಯಾಥಿಯಾ ಜೈಗಾಂಟಿಯಾ ಇದೆ; ದಕ್ಷಿಣ ಭಾರತಕ್ಕೆ ಸೀಮಿತವಾದ ಸಯಾಥಿಯಾ ನೀಲಗಿರೆನ್ಸಿಸ್ ಘಟ್ಟದ ಎತ್ತರದ ಕಾಡುಗಳಲ್ಲಿದೆ. ಆದರೆ ಹವಾಮಾನದ ಲಯ ಬೇರೆ. ಟಾಸ್ಮೇನಿಯಾದ ತೇವದ ಕಣಿವೆಗಳಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬರುತ್ತದೆ. ಘಟ್ಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುದು ಆಮೇಲೆ ತಿಂಗಳುಗಟ್ಟಲೆ ಬಾರದೆ ಹೋಗುತ್ತದೆ. ಹಾಗಾಗಿ ಇಲ್ಲಿನ ತೆರೆದ ಜಾಗದ ಮರಗಳ ಮೇಲೆ ಗೆಲ್ಲುವುದು ಬರ ತಾಳುವ ಜರಿಗಳು: ಒಣ ಎಲೆಗಳ ಬುಟ್ಟಿ ಕಟ್ಟಿಕೊಂಡು ಕಸ ಹಿಡಿಯುವ ಡ್ರೈನೇರಿಯಾ, ನಕ್ಷತ್ರಾಕಾರದ ರೋಮಗಳ ಹೊದಿಕೆಯ ಪೈರೋಸಿಯಾ. ಫಿಲ್ಮಿ ಜರಿಗಳು ನಮ್ಮಲ್ಲೂ ಇವೆ, ಆದರೆ ಅವು ಹಳ್ಳದ ಬಂಡೆ, ಶೋಲಾ ಕಾಡಿನ ನೆರಳು, ಜಲಪಾತದ ಸಿಂಚನ ಬಿಟ್ಟು ದೂರ ಹೋಗುವುದಿಲ್ಲ. ಮಳೆಗಾಲದಲ್ಲಿ ಹಳ್ಳದ ಬದಿಯ ಮರಜರಿಯೊಂದನ್ನು ಕಂಡರೆ ಅದರ ಬುಡವನ್ನು ಬಗ್ಗಿ ನೋಡುವಂತೆ ನಮ್ಮ ಕಡೆಯ ಓದುಗರಲ್ಲಿ ನನ್ನ ವಿನಂತಿ.

ಆರ್ಕಿಡ್ ಬೆಳೆಸಲು ಮರಜರಿಯ ನಾರಿನ ಹಲಗೆ ಒಳ್ಳೆಯದು ಎನ್ನುತ್ತಾರೆ. ಬಳಸಬಹುದೇ?

ಒಳ್ಳೆಯದು ಎಂಬುದು ನಿಜ, ಅದೇ ತೊಂದರೆಯೂ ಆಗಿದೆ. ಬ್ರೆಜಿಲ್‌ನಲ್ಲಿ ಶಾಶಿಂ ಎಂದು ಕರೆಯುವ ಡಿಕ್ಸೋನಿಯಾ ಸೆಲೋವಿಯಾನಾದ ಬೇರಿನ ಹೊದಿಕೆಯನ್ನು ಕೊರೆದು ಹೂಕುಂಡಗಳನ್ನು ಮಾಡುತ್ತಿದ್ದರು; ಆ ಗಿಡ ಅಳಿವಿನಂಚಿಗೆ ಬಂದ ಮೇಲೆ ಕಾಡಿನಿಂದ ಕಡಿಯುವುದನ್ನು ಅಲ್ಲಿ ನಿಷೇಧಿಸಲಾಯಿತು. ಸಯಾಥಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನ ಭಯವಿರುವ ಜೀವಿಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣದಲ್ಲಿದೆ. ತೆಂಗಿನ ಸಿಪ್ಪೆ, ತೆಂಗಿನ ನಾರು ಹೇರಳವಾಗಿ ಸಿಗುವ ನಮ್ಮ ನಾಡಿನಲ್ಲಿ ಮರಜರಿಯ ಹಲಗೆ ಕೊಳ್ಳುವ ಅಗತ್ಯವೇ ಇಲ್ಲ.

ಇವುಗಳನ್ನು ನೋಡಲು ಎಲ್ಲಿಗೆ, ಯಾವ ಸಿದ್ಧತೆಯಿಂದ ಹೋಗಬೇಕು?

ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಡ್ಯಾಂಡೆನಾಂಗ್ ಬೆಟ್ಟಸಾಲಿನ ಶೆರ್‌ಬ್ರೂಕ್ ಕಾಡು ಹತ್ತಿರ. ಟಾಸ್ಮೇನಿಯಾಕ್ಕೆ ಹೋಗುವವರು 1916ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೌಂಟ್ ಫೀಲ್ಡನ್ನು ಬಿಡಬಾರದು. ಮಳೆ ನಿಂತ ಮರುದಿನ ಬೆಳಗ್ಗೆ ಹೋಗುವುದು ಉತ್ತಮ, ಆಗ ಫಿಲ್ಮಿ ಜರಿಗಳು ಪೂರ್ತಿ ಅರಳಿರುತ್ತವೆ. ಕೈಮಸೂರ ಮತ್ತು ಸಣ್ಣ ಟಾರ್ಚ್ ಇರಲಿ. ಟಾರ್ಚನ್ನು ಎಲೆಯ ಹಿಂದೆ ಹಿಡಿದರೆ ನರಗಳ ಕವಲು ತಾನಾಗಿ ಕಾಣುತ್ತದೆ. ನಿರ್ಮಿಸಿದ ದಾರಿಯಲ್ಲೇ ನಿಂತು ನೋಡಬೇಕು, ಎಲೆ ಕೀಳಬಾರದು, ಕಾಂಡಕ್ಕೆ ಒರಗಬಾರದು. ಒಂದು ಒಳ್ಳೆಯ ಹಳೆಯ ಕಾಂಡ ಸಿಕ್ಕರೆ ಅದರ ಮುಂದೆ ಅರ್ಧ ಗಂಟೆ ನಿಂತು, ಬುಡದಿಂದ ಮೇಲಕ್ಕೆ ಒಂದೊಂದು ಗೇಣಿನಂತೆ ನೋಡುತ್ತ, ಬೇರೆ ಬೇರೆಯಾಗಿ ಕಂಡ ಜರಿಗಳ ಲೆಕ್ಕವನ್ನು ಬರೆದುಕೊಳ್ಳಿ.